ಹೊರಗುತ್ತಿಗೆಯ ಕೆಲಸ ಮತ್ತು ನಮ್ಮ ಕಾದಂಬರಿ

ಕಳೆದ ಶ್ರಾವಣದಲ್ಲಿ ನನ್ನ ಅಕ್ಕನ ಮಗ ರಾಯಬಾಗ ತಾಲೂಕಿನ ತನ್ನ ಊರಿನಿಂದ ಚಿಕ್ಕೋಡಿಯ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದು ಹೋದ. ಬೆಂಗಳೂರಿನಲ್ಲಿ ಹದಿನೈದು ವರ್ಷ ಇಂಜಿನಿಯರನಾಗಿ ದುಡಿದವನು. ಆ ಕೆಲಸ ಹೋಗಿ ಆಗ್ಗೆ ಐದು ತಿಂಗಳಾಗಿತ್ತು. ಮನೆಯಲ್ಲಿ ಯಾರೂ ಆ ಮಾತನ್ನು ಎತ್ತಲಿಲ್ಲ. ಎತ್ತಬಾರದೆಂದು ನನ್ನ ಹೆಂಡತಿ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು. ಮೂರನೆಯ ದಿನ ಮಧ್ಯಾಹ್ನ ಅವನು ನನ್ನ ಪುಸ್ತಕದ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದು, ಆಮೇಲೆ ತಿರುಗಿ ಕೇಳಿದ: “ಮಾಮಾ, ನಮ್ಮಂಥವರ ಮ್ಯಾಲ ಕನ್ನಡದಾಗ ಯಾರರ ಏನರ ಬರದಾರೇನ್ರಿ?”

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವನು. ಇಂಥ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲಿರಬೇಕಾಗಿತ್ತು. ಇರಲಿಲ್ಲ. “ಬರೆದಾರಪ್ಪ, ನೋಡಿ ಹೇಳತೇನಿ” ಎಂದು ಆ ಹೊತ್ತಿಗೆ ಮಾತು ತೇಲಿಸಿದೆ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ತಿಳಿದರೆ ಸಾಕು.

ಅವನು ಹೇಳಿದ ‘ನಮ್ಮಂಥವರು’ ಯಾರೆಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ನನ್ನ ಸೋದರಳಿಯ ಮಾಡುತ್ತಿದ್ದುದು ಪಂಪುಗಳ ನಕ್ಷೆ ಬರೆಯುವ ಕೆಲಸ. ಪಂಪು ತಯಾರಿಸುವ ಕಾರಖಾನೆ ಅಮೆರಿಕದಲ್ಲಿ. ಕೊಳ್ಳುವವರೂ ಹೆಚ್ಚಾಗಿ ಅಲ್ಲಿಯವರೇ. ನಕ್ಷೆ ಮಾತ್ರ ಬೆಂಗಳೂರಿನಲ್ಲಿ, ಇನ್ನೊಂದು ಕಂಪನಿಯ ಕಟ್ಟಡದಲ್ಲಿ ತಯಾರಾಗುತ್ತಿತ್ತು. ಅಲ್ಲಿಯ ಒಬ್ಬನ ಸಂಬಳದಲ್ಲಿ ಇಲ್ಲಿ ಹಲವರಿಗೆ ಸಂಬಳ ಕೊಡಬಹುದೆಂಬುದೇ ಈ ಏರ್ಪಾಡಿನ ಮೂಲಸೂತ್ರ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ಕೆಲಸವನ್ನು ಕಳಿಸಿ ತರಿಸಿಕೊಳ್ಳಬಹುದೆಂದು ತೋರಿಸಿಕೊಟ್ಟಿತು. 2000ನೆಯ ಇಸವಿ ಹತ್ತಿರವಾದಂತೆ ಜಗತ್ತಿನ ಗಣಕಯಂತ್ರಗಳಲ್ಲಿ ಎರಡೇ ಅಂಕಿಯಲ್ಲಿ ಬರೆದಿದ್ದ ಇಸವಿಗಳನ್ನು ತಿದ್ದುವ ದೊಡ್ಡ ಕೆಲಸ ಬಂದಿತು. ಅದರ ಬೆನ್ನಿಗೆ ಉಳಿದೆಲ್ಲ ಕೆಲಸವೂ ಬಂದಿತು. ಅಷ್ಟರಲ್ಲಿ, 1998ರಲ್ಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಬೆಳಗಾವಿಯಲ್ಲಿಯೇ ನೆಲೆಗೊಂಡಿತ್ತು. ಮುಂದೆ ಚಿಕ್ಕೋಡಿ, ನಿಪ್ಪಾಣಿಗಳಲ್ಲೂ ಇಂಜಿನಿಯರಿಂಗ್ ಕಾಲೇಜುಗಳಾದವು. ಕಬ್ಬಿನ ಹೊಲದವರ, ತಂಬಾಕಿನ ಹೊಲದವರ ಮಕ್ಕಳು ಕುಡಚಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದರು. ನಮ್ಮ ಹುಡುಗ ಹೋದುದು 2009ರಲ್ಲಿ.

ಮೊದಲ ಮೂರು ತಿಂಗಳು ಅವನಿಗೆ ಕೆಲಸ ಕಲಿಸಿದವರು ಅಮೆರಿಕದ ಒಬ್ಬ ಹಿರಿಯ ಇಂಜಿನಿಯರರು. ರಾತ್ರಿಯ ಹೊತ್ತು ಫೋನಿನಲ್ಲಿ ಪಾಠ. ಎರಕದ ಗೋಡೆ ಒಂದೆಡೆ ದಪ್ಪ ಇನ್ನೊಂದೆಡೆ ತೆಳು ಇರಕೂಡದು. ದಪ್ಪ ಭಾಗ ತಡವಾಗಿ ಆರುತ್ತದೆ, ಆರುವಾಗ ಲೋಹ ಕುಗ್ಗಿ ಒಳಗೆ ಪೊಳ್ಳು ಬೀಳುತ್ತದೆ, ಆ ಪೊಳ್ಳು ಹೊರಗೆ ಕಾಣುವುದಿಲ್ಲ, ನೀರಿನ ಒತ್ತಡ ಬಿದ್ದ ದಿನವೇ ಗೊತ್ತಾಗುವುದು—ಹೀಗೆ, ಕಾಲೇಜಿನ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ವಿಷಯವನ್ನು ಆ ಮನುಷ್ಯ ತಾನು ಕಂಡ ಒಡೆದ ಪಂಪುಗಳ ಕತೆ ಹೇಳಿ ಹೇಳಿ ಕಲಿಸಿದರಂತೆ. ಕಲಿಸಿ ಮುಗಿದ ಮೇಲೆ ಅವರ ನೌಕರಿಯೂ ಮುಗಿಯಿತೆಂಬುದು ಇವನಿಗೆ ಆಮೇಲೆ ತಿಳಿಯಿತು. ಹದಿನೈದು ವರ್ಷ ಕಳೆದ ಮೇಲೆ ಇವನಿಗೂ ಅಂಥದೇ ಅಪ್ಪಣೆ ಬಂದಿತು. ಮತ್ತೊಂದು ದೇಶದ ನಾಲ್ಕು ಜನ ಹುಡುಗರಿಗೆ ನಾಲ್ಕು ತಿಂಗಳು ಕೆಲಸ ಹೇಳಿಕೊಡಬೇಕು, ಆಮೇಲೆ ಹೋಗಬಹುದು. “ಆ ಮನುಷ್ಯಾ ಒಂದು ದಿನಾನೂ ನನ್ನ ಮ್ಯಾಲ ಸಿಟ್ಟಾಗಲಿಲ್ರಿ, ಮಾಮಾ. ನಾ ಆ ಹುಡುಗರ ಮ್ಯಾಲ ಎರಡು ಸಲ ಸಿಟ್ಟಾದೆ” ಎಂದು ಅವನು ಹೇಳುವಾಗ ತಲೆ ಬಗ್ಗಿಸಿಕೊಂಡಿದ್ದ.

ಇದು ಒಬ್ಬನ ಕತೆಯಲ್ಲ. ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿಯಾದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ 2025ರ ಜುಲೈಯಲ್ಲಿ ಸುಮಾರು 12,000 ನೌಕರರನ್ನು ಕಡಿಮೆ ಮಾಡುವುದಾಗಿ ಸಾರಿತು. ಅತ್ತ ಅಮೆರಿಕದಲ್ಲಿ 2015ರ ಸುಮಾರಿಗೆ ಡಿಸ್ನಿ ಸಂಸ್ಥೆಯ ನೌಕರರು, ತಮ್ಮ ಜಾಗಕ್ಕೆ ಬಂದ ಭಾರತೀಯರಿಗೆ ತಾವೇ ಕೆಲಸ ಕಲಿಸಿ ಹೊರಬೀಳಬೇಕಾಯಿತೆಂದು ದೂರಿದುದು ದೊಡ್ಡ ಸುದ್ದಿಯಾಗಿತ್ತು. ಅರ್ಥಶಾಸ್ತ್ರಜ್ಞರು ಇದರ ಲಾಭನಷ್ಟಗಳನ್ನು ಲೆಕ್ಕ ಹಾಕಲಿ. ಸಾಹಿತ್ಯದ ಪುಟದಲ್ಲಿ ನಾವು ಕೇಳಬೇಕಾದುದು ಬೇರೆ: ನಾಲ್ಕು ದಶಕಗಳಿಂದ ಕನ್ನಡಿಗರ ಲಕ್ಷಾಂತರ ಮನೆಗಳನ್ನು ನಡೆಸಿದ ಈ ಕೆಲಸ ನಮ್ಮ ಕಾದಂಬರಿಗಳಲ್ಲಿ ಎಷ್ಟರಮಟ್ಟಿಗೆ ಬಂದಿದೆ?

ಯೋಚಿಸಿ ಮೂರು ಪುಸ್ತಕಗಳನ್ನು ಅವನ ಕೈಗೆ ಕೊಟ್ಟೆ. ಇವಲ್ಲದೆ ಬೇರೆ ಕೃತಿಗಳೂ ಇವೆ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರು ಬರೆದ ಕಾದಂಬರಿಗಳಿವೆ. ಸಾಫ್ಟ್‌ವೇರ್ ವೃತ್ತಿಯಿಂದ ಬಂದ ವಸುಧೇಂದ್ರರಂಥವರ ಕತೆ, ಪ್ರಬಂಧಗಳಿವೆ. ಎಲ್ಲವನ್ನೂ ಇಲ್ಲಿ ತೂಗಲು ಸ್ಥಳವಿಲ್ಲ. ಮೂರು ಬೇರೆ ಬೇರೆ ದಾರಿಗಳನ್ನು ತೋರಿಸುವ ಮೂರನ್ನು ಆರಿಸಿದೆನೆಂದರೆ ಸಾಕು. ಹುಡುಗ ಅವನ್ನು ಊರಿಗೆ ಒಯ್ದು, ಓದಿ, ದೀಪಾವಳಿಗೆ ಬಂದಾಗ ಹಿಂದಿರುಗಿಸಿದ. ಅವನ ಮಾತುಗಳು ವಿಮರ್ಶಕನ ಮಾತುಗಳಲ್ಲ. ಆದರೆ ಅವುಗಳಿಂದ ನನಗೆ ಉಪಕಾರವಾಯಿತೆಂದು ಒಪ್ಪಿಕೊಳ್ಳಬೇಕು.

ಮೊದಲನೆಯದು ಯಶವಂತ ಚಿತ್ತಾಲರ ‘ಶಿಕಾರಿ’, 1979ರಲ್ಲಿ ಪ್ರಕಟವಾದುದು. ಹೊರಗುತ್ತಿಗೆಯೆಂಬ ಪದವೇ ಆಗ ಈ ಅರ್ಥದಲ್ಲಿ ಇರಲಿಲ್ಲ. ಆದರೂ ಇಂಜಿನಿಯರ ಕೆಲಸಕ್ಕೆ ಸಂಚಕಾರ ಬಂದಾಗ ಅವನ ಮನಸ್ಸಿನಲ್ಲಿ ಏನಾಗುತ್ತದೆಂಬುದನ್ನು ತಿಳಿಯಬೇಕಾದವರು ಈ ಕಾದಂಬರಿಗೇ ಹೋಗಬೇಕು. ಚಿತ್ತಾಲರು ಸ್ವತಃ ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯ ಉದ್ಯಮದಲ್ಲಿ ದುಡಿದವರು. ಅವರ ನಾಗಪ್ಪ ದೊಡ್ಡ ಕಂಪನಿಯ ಅಧಿಕಾರಿ. ಏಕಾಏಕಿ ಅವನನ್ನು ಕೆಲಸದಿಂದ ದೂರವಿರಿಸಿ ವಿಚಾರಣೆಗೆ ಗುರಿಮಾಡುತ್ತಾರೆ. ಅಲ್ಲಿಂದ ಮುಂದೆ ಪ್ರತಿಯೊಂದು ಫೋನ್ ಕರೆಯೂ, ಗೆಳೆಯನ ಪ್ರತಿಯೊಂದು ನಗೆಯೂ ಸಂಶಯದ ಬೆಳಕಿನಲ್ಲಿ ಕಾಣತೊಡಗುತ್ತದೆ. ಈ ಭಯವನ್ನು ಇಷ್ಟು ಹತ್ತಿರದಿಂದ ಚಿತ್ರಿಸಿದ ಬೇರೊಂದು ಕೃತಿ ಕನ್ನಡದಲ್ಲಿ ನನಗೆ ಕಂಡಿಲ್ಲ. ನಮ್ಮ ಹುಡುಗನೂ “ಹೆದರಿಕಿ ಖರೇ ಐತ್ರಿ” ಎಂದ. ತುಸು ತಡೆದು, “ಆದರ ನಾಗಪ್ಪಗ ತನ್ನ ಬೆನ್ನ ಹತ್ತಿದವರು ಯಾರಂತ ಗೊತ್ತೈತಿ. ನನಗ ಯಾರ ಮ್ಯಾಲ ಸಿಟ್ಟು ಮಾಡ್ಕೋಬೇಕಂತನ ತಿಳಿಯೂದಿಲ್ಲ” ಎಂದ.

ಈ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ‘ಶಿಕಾರಿ’ಯ ಶಕ್ತಿಯಿರುವುದು ಬೇಟೆಗಾರರಿಗೆ ಮುಖ, ಹೆಸರು, ಹಳೆಯ ದ್ವೇಷ ಎಲ್ಲವೂ ಇರುವುದರಲ್ಲಿ. ಆದುದರಿಂದಲೇ ಅದು ನಾಟಕದಂತೆ ಬಿಗಿಯಾಗಿದೆ. ಹೊರಗುತ್ತಿಗೆಯಲ್ಲಿ ಕೆಲಸ ಕಳೆದುಕೊಂಡವನ ಎದುರಿಗೆ ಅಂಥ ಮುಖಗಳಿಲ್ಲ. ಅವನನ್ನು ಬಿಡಿಸಿದ ಅಧಿಕಾರಿಗೂ ಮೇಲಿನಿಂದ ಒಂದು ಅಂಕಿ ಬಂದಿರುತ್ತದೆ. ಆ ಮೇಲಿನವನಿಗೆ ಸಮುದ್ರದಾಚೆಯಿಂದ ಬಂದಿರುತ್ತದೆ. ಶತ್ರುವಿಲ್ಲದ ಸೋಲನ್ನು ಕಾದಂಬರಿಯಾಗಿಸುವುದು ಹೇಗೆ? ಚಿತ್ತಾಲರ ದಾರಿ ಅದಕ್ಕೆ ಸಾಲದು. ಹೊಸ ದಾರಿಯೊಂದನ್ನು ಹುಡುಕಬೇಕು.

ಎರಡನೆಯದು ಶ್ರೀಮತಿ ಸುಧಾ ಮೂರ್ತಿಯವರ ‘ಡಾಲರ್ ಸೊಸೆ’. ವಿಮರ್ಶಕರು ಈ ಕಾದಂಬರಿಯ ಬಗ್ಗೆ ಹೆಚ್ಚು ಮಾತನಾಡಿಲ್ಲ. ಆದರೆ ಮಧ್ಯಮ ವರ್ಗದ ಮನೆಗಳಲ್ಲಿ ಇದನ್ನು ಓದಿದಷ್ಟು ಜನ ಬೇರೆ ಕೃತಿಗಳನ್ನು ಓದಿರಲಾರರು. ಗೌರಮ್ಮನ ಒಬ್ಬ ಮಗ ಅಮೆರಿಕದಲ್ಲಿ, ಒಬ್ಬ ಮಗ ಇಲ್ಲಿಯೇ. ಅಲ್ಲಿಯ ಸೊಸೆ ಜಮುನಾ ಡಾಲರಿನ ಸೊಸೆ. ಇಲ್ಲಿಯ ಸೊಸೆ ವಿನುತಾ ರೂಪಾಯಿಯ ಸೊಸೆ. ಅತ್ತೆಯ ತಕ್ಕಡಿ ಯಾವ ಕಡೆ ತೂಗುತ್ತದೆಂದು ಹೇಳಬೇಕಾಗಿಲ್ಲ. ಕೊನೆಗೆ ಅಮೆರಿಕವನ್ನು ಕಣ್ಣಾರೆ ಕಂಡ ಗೌರಮ್ಮನಿಗೆ ಜ್ಞಾನೋದಯವಾಗುತ್ತದೆ. ಹಣ ಬಂದು ಮನೆಯೊಳಗಿನ ಸಂಬಂಧಗಳ ಬೆಲೆಯನ್ನು ಹೇಗೆ ಬದಲಿಸುತ್ತದೆಂಬುದನ್ನು ಲೇಖಕಿ ಸರಳವಾಗಿ, ನೇರವಾಗಿ ಹೇಳಿದ್ದಾರೆ. ಅವರು ಹೇಳಹೊರಟುದು ಅಷ್ಟೇ. ಅದರಲ್ಲಿ ಅವರು ಗೆದ್ದಿದ್ದಾರೆ.

ಆದರೆ ಆ ಡಾಲರು ಎಲ್ಲಿಂದ ಹುಟ್ಟಿತು? ಮಗ ಹಗಲೆಲ್ಲ ಕುಳಿತು ಮಾಡಿದ ಕೆಲಸ ಯಾವುದು? ಪುಸ್ತಕ ಮುಚ್ಚಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದುದು ಸೀರೆ, ಒಡವೆ, ಅತ್ತೆಯ ಮಾತು, ವಿನುತಾಳ ಮೌನ. ಹುಡುಗ ಇದನ್ನೇ ಒಂದು ಸಾಲಿನಲ್ಲಿ ಹೇಳಿದ: “ಇದರಾಗ ರೊಕ್ಕ ಬರತೈತಿ, ಕೆಲಸ ಬರೂದಿಲ್ರಿ.” ಈ ಮಾತು ‘ಡಾಲರ್ ಸೊಸೆ’ಗಿಂತ ನಮ್ಮ ಇಡೀ ದೃಷ್ಟಿಗೇ ಹೆಚ್ಚು ತಟ್ಟುತ್ತದೆಂದು ನನಗೆ ತೋರುತ್ತದೆ. ಇಂಜಿನಿಯರನೆಂದರೆ ಸಂಬಳ ತರುವವನು, ಫ್ಲ್ಯಾಟು ಕೊಳ್ಳುವವನು, ತಂದೆತಾಯಿಯರನ್ನು ಬಿಟ್ಟುಹೋದವನು ಎಂದೇ ನಾವು ಅವನನ್ನು ಕಂಡೆವು. ಹಾಸ್ಯಲೇಖನಗಳಲ್ಲಿ ಗೇಲಿ ಮಾಡಿದೆವು. ಭಾಷಣಗಳಲ್ಲಿ ಸಂಸ್ಕೃತಿಯ ಪತನಕ್ಕೆ ಅವನನ್ನೇ ಹೊಣೆ ಮಾಡಿದೆವು. ಅವನಿಗೊಂದು ಕಸಬು ಇದೆಯೆಂದು, ಆ ಕಸಬಿನ ಮೇಲೆ ಅವನಿಗೆ ಪ್ರೀತಿಯಿರಬಹುದೆಂದು ನಮಗೆ ಹೊಳೆಯಲಿಲ್ಲ.

ಮೂರನೆಯದು ವಿವೇಕ ಶಾನಭಾಗರ ‘ಸಕೀನಾಳ ಮುತ್ತು’, 2021ರದು. ಬೆಂಗಳೂರಿನ ಕಂಪನಿಯಲ್ಲಿ ನೌಕರಿ ಮಾಡಿ ನಡುವಯಸ್ಸಿಗೆ ಬಂದ ವೆಂಕಟರಮಣನೇ ಇಲ್ಲಿ ಕತೆ ಹೇಳುವವನು. ಹಳ್ಳಿಯಿಂದ ಬಂದವನು, ಜೀವನದಲ್ಲಿ ಯಶಸ್ಸು ಪಡೆಯುವುದು ಹೇಗೆಂದು ಕಲಿಸುವ ಪುಸ್ತಕಗಳನ್ನು ನಂಬಿದವನು. ಕಚೇರಿಯ ಮಾತು ಮನೆಯೊಳಗೆ ನುಗ್ಗಿ, ಹೆಂಡತಿ ಮಗಳೊಡನೆ ಆಡುವ ಮಾತನ್ನೂ ಕೆಡಿಸಿರುವುದನ್ನು ಶಾನಭಾಗರು ಬಹಳ ಸೂಕ್ಷ್ಮವಾಗಿ ತೋರಿಸುತ್ತಾರೆ. ಕೆಲಸವು ಮನುಷ್ಯನಿಗೆ ಹಣವನ್ನಷ್ಟೇ ಕೊಡುವುದಿಲ್ಲ, ಅವನ ಭಾಷೆಯನ್ನೂ ರೂಪಿಸುತ್ತದೆಂಬುದು ಇಲ್ಲಿ ಮೊದಲ ಬಾರಿಗೆ ನನಗೆ ಮನದಟ್ಟಾಯಿತು. ಕೆಲಸ ಕೈಬಿಟ್ಟುಹೋಗುವುದು ಮಾತ್ರ ಈ ಕಾದಂಬರಿಯ ವಸ್ತುವಲ್ಲ. ಅದನ್ನು ಅದರಿಂದ ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಹೀಗೆ ಭಯ ಒಂದರಲ್ಲಿ ಬಂದಿದೆ, ಹಣ ಇನ್ನೊಂದರಲ್ಲಿ, ಭಾಷೆ ಮತ್ತೊಂದರಲ್ಲಿ. ಎರಕದ ಗೋಡೆಯ ದಪ್ಪವನ್ನು ಫೋನಿನಲ್ಲಿ ಕಲಿಸಿದ ಮುದುಕ ಯಾವುದರಲ್ಲೂ ಇಲ್ಲ. ಕೆಲಸವೇನೆಂದು ತೋರಿಸದೆ ಕೆಲಸ ಹೋದ ದುಃಖವನ್ನು ಹೇಳಲಾಗದು. ಹೊಲದ ಕಸುವು ಗೊತ್ತಿಲ್ಲದವನು ಹೊಲ ಕಳೆದುಕೊಂಡ ರೈತನ ಕತೆ ಬರೆದರೆ ಅದು ಪತ್ರಿಕೆಯ ವರದಿಯಾದೀತು.

*

ಕೆಲಸವನ್ನು ಒಳಗಿನಿಂದ ಬಲ್ಲ ಬರವಣಿಗೆ ನಮ್ಮ ಈ ಗಡಿಭಾಗಕ್ಕೆ ಹೊಸದಲ್ಲ. ಈಗ ಕಾಗವಾಡ ತಾಲೂಕಿಗೆ ಸೇರಿರುವ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯಲ್ಲಿ ಇಲ್ಲಿಯ ಹಳ್ಳಿಯ ಬಾಳನ್ನು ಇಲ್ಲಿಯ ಮಾತಿನಲ್ಲೇ ಹಿಡಿದಿಟ್ಟರು. ನಿಪ್ಪಾಣಿಯ ಮಹಾದೇವ ಮೋರೆಯವರು ಹಿಟ್ಟಿನ ಗಿರಣಿ ನಡೆಸುತ್ತ ಮರಾಠಿಯಲ್ಲಿ ದುಡಿಯುವವರ ಕತೆಗಳನ್ನು ಬರೆದರು, 2024ರಲ್ಲಿ ತೀರಿಕೊಂಡರು. ಅವರ ಭಾಷೆ ಮರಾಠಿಯೆಂದು ನಾವು ಅವರನ್ನು ಬೇರೆಯವರೆಂದು ತಿಳಿದೆವು. ಆದರೆ ಅವರು ಬರೆದುದು ನಮ್ಮ ಬೀದಿಯ ಜನರನ್ನೇ.

ನಿಪ್ಪಾಣಿಯ ಹೆಸರು ಬಂದುದರಿಂದ ಒಂದು ಮಾತು ಹೇಳಲೇಬೇಕು. ಬೇರೆಯವರಿಗಾಗಿ, ಬೇರೆಯವರು ಗೊತ್ತುಮಾಡಿದ ದರಕ್ಕೆ, ತಮ್ಮ ಹೆಸರಿಲ್ಲದೆ ದುಡಿಯುವುದನ್ನು ಈ ಸೀಮೆ ಬೆಂಗಳೂರಿನಿಂದ ಕಲಿಯಬೇಕಾಗಿರಲಿಲ್ಲ. ಬೀಡಿಯ ಧಂದೆಯನ್ನೇ ನೋಡಿರಿ. ಗುತ್ತಿಗೆದಾರ ಎಲೆಯನ್ನೂ ತಂಬಾಕನ್ನೂ ತೂಗಿ ಕೊಡುತ್ತಾನೆ. ಹೆಂಗಸು ಮನೆಯಲ್ಲಿ ಕುಳಿತು ಕಟ್ಟುತ್ತಾಳೆ. ಸಾವಿರದ ಲೆಕ್ಕದಲ್ಲಿ ಒಪ್ಪಿಸುತ್ತಾಳೆ. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ. ಕಟ್ಟಡ, ದೀಪ, ಬೆನ್ನುನೋವು ಎಲ್ಲವೂ ಅವಳವು. ದರ ಮಾತ್ರ ಅವನದು. ತಂಬಾಕಿನ ವಖಾರಗಳಲ್ಲಿ ಧೂಳು ಕುಡಿದು ದುಡಿಯುತ್ತಿದ್ದ ನಿಪ್ಪಾಣಿಯ ಹೆಂಗಸರು ಸಂಘ ಕಟ್ಟಿ ಹೋರಾಡಿದರು. ಆ ಕತೆಯನ್ನು ‘ಯುಗಾಂತರ’ ತಂಡದವರು 1982ರಲ್ಲಿ ಚಿತ್ರವಾಗಿ ತೆಗೆದರು. 1981ರಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಕೇಳಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತಾಗ ಗೋಲಿಬಾರಿನಲ್ಲಿ ಜನ ಸತ್ತರು. ಬೆಳೆದವನಿಗೂ ದರ ಕಟ್ಟುವವನಿಗೂ ನಡುವೆ ಇರುವ ದೂರವೇ ಆ ಜಗಳದ ಬೇರು.

ಅಥಣಿಯ ಚಪ್ಪಲಿಯ ಕತೆ ಇನ್ನೂ ಹತ್ತಿರದ್ದು. ಜಗತ್ತಿಗೆಲ್ಲ ಗೊತ್ತಿರುವ ಕೊಲ್ಲಾಪುರಿ ಚಪ್ಪಲಿಗಳಲ್ಲಿ ಬಹಳಷ್ಟು ತಯಾರಾಗುವುದು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ತಾಲೂಕುಗಳ ಮನೆಗಳಲ್ಲಿ. ಗಂಡಸರು ಚರ್ಮ ಕತ್ತರಿಸಿ ಅಟ್ಟೆ ಹೊಲಿಯುತ್ತಾರೆ. ಹೆಂಗಸರು ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದು ಪಟ್ಟಿಗೆ ಕೂಡಿಸುತ್ತಾರೆ. ಮಾರಾಟವಾದ ಪೇಟೆಯ ಹೆಸರು ಮಾಲಿಗೆ ಬಂದಿತು. ಮಾಡಿದ ಊರಿನ ಹೆಸರು ಬರಲಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಹೆಸರು ಮಾತ್ರ ಕೊಲ್ಲಾಪುರದ್ದೇ ಉಳಿಯಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿದಾಗ ಗದ್ದಲವೆದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆಗೆ ಒಪ್ಪಂದವಾಗಿ, ಎರಡೂ ರಾಜ್ಯಗಳ ಈ ಭಾಗದಲ್ಲಿ 2,000 ಜೊತೆ ಮಾಡಿಸುವುದಾಗಿ ಆ ಸಂಸ್ಥೆ ತಿಳಿಸಿತು.

ಇದನ್ನೆಲ್ಲ ಹೇಳುತ್ತಿರುವಾಗ ನಮ್ಮ ಹುಡುಗ ನಡುವೆಯೇ ಬಾಯಿ ಹಾಕಿದ. ನಕ್ಷೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೌಕವಿರುತ್ತದಂತೆ. ಬರೆದವರು, ತಪಾಸಣೆ ಮಾಡಿದವರು, ಒಪ್ಪಿದವರು ಯಾರೆಂದು ಅಲ್ಲಿ ನಮೂದಿಸಬೇಕು. ಹದಿನೈದು ವರ್ಷ ಅವನು ಬರೆದ ನಕ್ಷೆಗಳ ಆ ಚೌಕದಲ್ಲಿ ಇದ್ದುದು ಗಿರಾಕಿ ಕಂಪನಿಯ ಹೆಸರು, ಅಲ್ಲಿಯವರ ಸಹಿ. “ಅಥಣಿಯವರ ಗತಿನ ನಮ್ದೂ” ಎಂದು ನಕ್ಕ.

ಇಲ್ಲಿ ವಾಚಕರಲ್ಲಿ ಕೆಲವರು ಆಕ್ಷೇಪ ಎತ್ತಬಹುದು. ಬೀಡಿ ಕಟ್ಟುವ ಬಡವಿಗೂ ಬೆಂಗಳೂರಿನ ತಂಪು ಕೋಣೆಯಲ್ಲಿ ಕುಳಿತು ತಿಂಗಳಿಗೆ ಲಕ್ಷ ಎಣಿಸಿದವನಿಗೂ ಎತ್ತಣಿಂದೆತ್ತ ಸಂಬಂಧ? ಆಕ್ಷೇಪ ನ್ಯಾಯವಾದುದೇ. ಹಸಿವಿನಲ್ಲಿ, ರೋಗದಲ್ಲಿ, ಅವಮಾನದಲ್ಲಿ ಇಬ್ಬರಿಗೂ ಹೋಲಿಕೆಯಿಲ್ಲ. ಇದೆಯೆನ್ನುವುದು ಆ ಹೆಂಗಸಿಗೆ ಮಾಡುವ ಅನ್ಯಾಯ. ನಮ್ಮ ಹುಡುಗನೂ ಅದನ್ನು ಬಲ್ಲ; ಅವನ ಫ್ಲ್ಯಾಟಿನ ಸಾಲದ ಕಂತಿನಲ್ಲಿ ಅವನೂರಿನ ಎರಡು ಮನೆಗಳು ತಿಂಗಳು ಕಳೆದಾವು. ನಾನು ಹೇಳುತ್ತಿರುವುದು ಕೆಲಸದ ಕಟ್ಟಿನ ಬಗ್ಗೆ. ದರ ಕಟ್ಟುವವನು ಕಾಣದಷ್ಟು ದೂರ, ಹೆಸರು ಮತ್ತೊಬ್ಬರದು, ಇನ್ನೊಂದು ಊರಿನಲ್ಲಿ ಅಗ್ಗವಾದ ದಿನ ಕೆಲಸ ಅಲ್ಲಿಗೆ. ಈ ಕಟ್ಟನ್ನು ನಾವು ಬಡವರ ಕತೆಯಲ್ಲಿ ಕೂಡಲೇ ಗುರುತಿಸುತ್ತೇವೆ. ಇಂಜಿನಿಯರನ ಕತೆಯಲ್ಲಿ ಸಂಬಳದ ಅಂಕಿ ನಮ್ಮ ಕಣ್ಣಿಗೆ ಅಡ್ಡ ಬರುತ್ತದೆ.

ಕನ್ನಡ ಭಾಷೆ ಮಾತ್ರ ನಮಗಿಂತ ಮೊದಲೇ ಇದನ್ನು ಗುರುತಿಸಿದಂತಿದೆ. ಗುತ್ತಿಗೆ ಎಂಬುದು ಹೊಲ, ಕೆರೆ, ಕಟ್ಟಡಗಳ ವ್ಯವಹಾರದಲ್ಲಿ ಬಳಕೆಯಾಗುತ್ತ ಬಂದ ಹಳೆಯ ಮಾತು. ಅದಕ್ಕೆ ‘ಹೊರ’ ಸೇರಿ ಆದ ‘ಹೊರಗುತ್ತಿಗೆ’ ಪದವನ್ನು ನಮ್ಮ ಪತ್ರಿಕೆಗಳು ಸರಕಾರಿ ಆಸ್ಪತ್ರೆಯ ಕಸ ಗುಡಿಸುವವರಿಗೂ ಬಳಸುತ್ತವೆ, ಅಮೆರಿಕದ ನಕ್ಷೆ ಬರೆಯುವವರಿಗೂ ಬಳಸುತ್ತವೆ. ಒಂದೇ ಪದದ ಕೆಳಗೆ ಇಬ್ಬರೂ ನಿಂತಿದ್ದಾರೆ. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೆ?

ಸಮುದ್ರದಾಚೆಯೂ ಒಂದು ಪದ ಹುಟ್ಟಿತ್ತು. 2004ರ ಸುಮಾರಿಗೆ ಅಮೆರಿಕದ ಇಂಗ್ಲಿಷಿನಲ್ಲಿ ನಮ್ಮ ರಾಜಧಾನಿಯ ಹೆಸರೇ ಕ್ರಿಯಾಪದವಾಯಿತು. ‘ಬ್ಯಾಂಗಲೋರ್ಡ್’ ಆದನೆಂದರೆ ಅವನ ಕೆಲಸ ಭಾರತಕ್ಕೆ ಹೋಗಿ ಅವನು ಬೀದಿಗೆ ಬಿದ್ದನೆಂದು ಅರ್ಥ. ಆಗ ನಾವು ಇದನ್ನು ಕೇಳಿ ಒಳಗೊಳಗೇ ಹೆಮ್ಮೆಪಟ್ಟೆವು, ನಾನೂ ಪಟ್ಟೆ. ತರಗತಿಯಲ್ಲಿ ಹುಡುಗರಿಗೆ ನಕ್ಕು ಹೇಳಿದುದೂ ನೆನಪಿದೆ. ಆ ಪದದೊಳಗೆ ಒಬ್ಬ ಮುದುಕ ಕುಳಿತಿದ್ದಾನೆ, ಅವನೇ ನನ್ನ ಅಕ್ಕನ ಮಗನಿಗೆ ರಾತ್ರಿಯೆಲ್ಲ ಪಾಠ ಹೇಳಿದವನು ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಹೊರಗುತ್ತಿಗೆಯ ಕನ್ನಡ ಕಾದಂಬರಿ ಬರುವುದಾದರೆ ಅದರಲ್ಲಿ ಆ ಮುದುಕನಿಗೆ ಜಾಗವಿರಬೇಕು. ನಮ್ಮವನ ಕೆಲಸ ಬಂದುದು ಅವನ ಕೈಯಿಂದ. ಈಗ ಕಲಿತುಹೋದ ಮೂರನೆಯ ದೇಶದ ಹುಡುಗರಿಗೂ ಜಾಗವಿರಬೇಕು. ಅವರೂ ಯಾವುದೋ ಹೊಲದವರ ಮಕ್ಕಳೇ ಆಗಿದ್ದಾರು. ಮೂವರನ್ನೂ ಒಂದೇ ಕಣ್ಣಿನಿಂದ ನೋಡಬಲ್ಲ ಲೇಖಕನಿಗೆ ಮುಖವಿಲ್ಲದ ಬೇಟೆಗಾರನ ತೊಡಕು ಅಷ್ಟಾಗಿ ಕಾಡದು. ಶತ್ರುವಿಲ್ಲದ ಕತೆಯಲ್ಲಿ ಗುರುಶಿಷ್ಯರ ಸಂಬಂಧವೇ ಬೆನ್ನೆಲುಬಾದೀತು.

ಇನ್ನೊಂದು ತೊಡಕು ಭಾಷೆಯದು. ಆ ಕೆಲಸವೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ, ಅದನ್ನು ಕನ್ನಡದಲ್ಲಿ ಬರೆದರೆ ಕೃತಕವಾಗುತ್ತದೆ ಎಂದು ತರುಣ ಲೇಖಕರು ನನ್ನೊಡನೆ ಹೇಳಿದ್ದಾರೆ. ನಾನು ಒಪ್ಪಲಾರೆ. ವಖಾರ ಎಲ್ಲಿಯ ಮಾತು? ಗೋಲಿಬಾರು ಎಲ್ಲಿಯದು? ದುಡಿಯುವವರ ಬಾಯಲ್ಲಿ ಹತ್ತು ವರ್ಷ ಉರುಳಿದರೆ ಯಾವ ಪದವಾದರೂ ಕನ್ನಡವಾಗುತ್ತದೆ. ನಮ್ಮ ಹುಡುಗ ಎರಕದ ಪೊಳ್ಳಿನ ವಿಷಯವನ್ನು ನನಗೆ, ಕಾರಖಾನೆಯ ಬಾಗಿಲನ್ನೂ ಕಾಣದವನಿಗೆ, ಅಡಿಗೆಮನೆಯಿಂದ ಒಂದು ಇಡ್ಲಿ ತರಿಸಿ ಮುರಿದು ತೋರಿಸಿ ಅರ್ಥಮಾಡಿಸಿದ. ಅಷ್ಟು ಕನ್ನಡ ಕಾದಂಬರಿಗೆ ಸಾಕು.

ಕೆಲಸ ಬರುವ ದಾರಿಯೂ ಬೆಂಗಳೂರೊಂದೇ ಅಲ್ಲ. ನಿಪ್ಪಾಣಿಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮೇಲೆ, ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ, ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯದಲ್ಲಿ ಹೊರದೇಶದ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಗಡಿಯಾಚೆ ಕಾಗಲ, ಕೊಲ್ಲಾಪುರಗಳ ಎರಕದ ಕಾರಖಾನೆಗಳಿಗೆ ದಿನವೂ ನಮ್ಮ ಕಡೆಯ ಜನ ಬಸ್ಸು ಹತ್ತಿ ಹೋಗಿಬರುತ್ತಾರೆ. ಈ ಐದು ತಾಲೂಕುಗಳಲ್ಲಿ ಬಿಡಾರ ಹೂಡಿ ಎರಡು ವರ್ಷ ಕಣ್ಣುಬಿಟ್ಟು ನೋಡುವ ತರುಣನಿಗೆ ವಸ್ತುವಿನ ಬರವಿಲ್ಲ. ಇಂಜಿನಿಯರಿಂಗ್ ಓದಿದ ಸಾವಿರಾರು ಕನ್ನಡ ಹುಡುಗ ಹುಡುಗಿಯರಲ್ಲಿ ಯಾರಾದರೊಬ್ಬರು ತಮ್ಮ ಕಸಬನ್ನೇ ಬರೆಯಲು ಕುಳಿತರೆ ಇನ್ನೂ ಒಳ್ಳೆಯದು.

ನಮ್ಮ ಹುಡುಗನಿಗೆ ಸಂಕ್ರಾಂತಿಯ ನಂತರ ಕಾಗಲದ ಕಡೆಯ ಒಂದು ಎರಕದ ಕಾರಖಾನೆಯಲ್ಲಿ ಕೆಲಸ ಸಿಕ್ಕಿದೆ. ಸಂಬಳ ಮೊದಲಿನ ಅರ್ಧಕ್ಕಿಂತ ಕಡಿಮೆ. ಹೆಂಡತಿ ಮಕ್ಕಳನ್ನು ಬೆಂಗಳೂರಿನಲ್ಲೇ ಬಿಟ್ಟು ನಿಪ್ಪಾಣಿಯಲ್ಲಿ ಕೋಣೆ ಹಿಡಿದಿದ್ದಾನೆ. ಹದಿನೈದು ವರ್ಷ ನಕ್ಷೆಯಲ್ಲಿ ಬರೆದ ಎರಕವನ್ನು ಈಗಲೇ ಮೊದಲ ಬಾರಿಗೆ ಕೈಮುಟ್ಟಿ ನೋಡುತ್ತಿರುವೆನೆಂದು ಕಳೆದ ವಾರ ಫೋನಿನಲ್ಲಿ ಹೇಳಿದ. ಕಾರಖಾನೆಯ ಹುಡುಗರಿಗೆ ಗೋಡೆಯ ದಪ್ಪದ ಪಾಠ ಹೇಳುತ್ತಿದ್ದಾನಂತೆ. ಇದನ್ನು ನಿಮಗೆ ಯಾರು ಕಲಿಸಿದರೆಂದು ಒಬ್ಬ ಕೇಳಿದನಂತೆ. ಇವನು ಆ ಅಮೆರಿಕದ ಮುದುಕನ ಹೆಸರು ಹೇಳಿದನಂತೆ. ಆಮೇಲೆ ನನ್ನನ್ನು ಕೇಳಿದ: “ಮಾಮಾ, ಇನ್ನೊಂದು ಪುಸ್ತಕ ನೋಡತೇನಂದಿದ್ರಿ, ಸಿಕ್ತೇನ್ರಿ?”

ಇನ್ನೂ ಸಿಕ್ಕಿಲ್ಲ. ಯಾರಾದರೂ ಬರೆಯುತ್ತಿದ್ದರೆ ದಯವಿಟ್ಟು ಬೇಗ ಮುಗಿಸಲಿ.